ಮಾವಿನಕಾಯಿ ಯಾರ ಮಾತು ಕೇಳುತ್ತದೆ

ನಮ್ಮ ದೇವದುರ್ಗದ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಉಳಿಯಲು ಇನ್ನೊಬ್ಬ ವಿದ್ಯಾರ್ಥಿ ಬೇಕಾಗಿತ್ತು. ಸಿಗದಿದ್ದರೆ ಫಸ್ಟ್ ಪಿಯು ತರಗತಿಯೂ ಇಲ್ಲ, ಫಿಸಿಕ್ಸ್ ಹೇಳಿಕೊಡುವ ಅತಿಥಿ ಉಪನ್ಯಾಸಕಿ ಮೇಡಂಗೆ ಕೆಲಸವೂ ಇಲ್ಲ. ಬೇಸಿಗೆಯಲ್ಲಿ ಉಪನ್ಯಾಸಕರು ಮನೆಮನೆಗೆ ಹೋಗಿ ಮಕ್ಕಳನ್ನು ಕೇಳಿಕೊಂಡು ಬರುವುದು ನಮ್ಮಲ್ಲಿ ವಾಡಿಕೆ. ಮೇಡಂಗೆ ಪಾಠ ಬರುತ್ತದೆ, ಪುಸಲಾಯಿಸಲು ಬರುವುದಿಲ್ಲ. ಅದಕ್ಕೇ ಸೆಕೆಂಡ್ ಪಿಯುನ ನನ್ನನ್ನು ಸ್ಕೂಟಿ ಹತ್ತಿಸಿಕೊಂಡರು. ನನ್ನ ಬಾಯಿ ತಾಲ್ಲೂಕಿಗೇ ಪ್ರಸಿದ್ಧ. ಇದನ್ನು ತಾಲ್ಲೂಕಿಗೆ ಹೇಳಿದವಳೂ ನಾನೇ.

ಅರಕೇರಾ ದಾರಿಯಲ್ಲಿ ಬಿಸಿಲು ಎಷ್ಟಿತ್ತೆಂದರೆ, ಸ್ಕೂಟಿಯ ನೆರಳು ನಮ್ಮನ್ನು ಬಿಟ್ಟು ಬೇವಿನ ಮರದ ಕೆಳಗೇ ನಿಂತುಬಿಟ್ಟಿತು.

ನಾವು ಹೊರಟಿದ್ದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಊರಿಗೇ ಮೊದಲು. ಅಲ್ಲಿ ಸಿಕ್ಕ ಮರ್ಯಾದೆ ಮಂತ್ರಿಗೂ ಸಿಗಲಿಕ್ಕಿಲ್ಲ. ಹಗ್ಗ ಹೆಣೆದ ಹೊರಸಿನ ಮೇಲೆ ಹೊಸ ಚಾದರ, ತಟ್ಟೆ ತುಂಬ ಉಪ್ಪಿಟ್ಟು, ಅದರ ಮೇಲೆ ಸಕ್ಕರೆ. ನನ್ನ ಕೀರ್ತಿ ನನಗಿಂತ ಮೊದಲೇ ಬಂದಿದೆ ಅಂದುಕೊಂಡು ಎರಡನೇ ತಟ್ಟೆಗೂ ಕೈ ಹಾಕಿದೆ.

ಹುಡುಗಿ ಚಹಾ ಹಿಡಿದು ತಲೆ ತಗ್ಗಿಸಿ ಬಂದಳು. ಉಟ್ಟ ಸೀರೆ ಅವಳಿಗಿಂತ ದೊಡ್ಡದಿತ್ತು.

“ನಡದು ತೋರ್ಸವ್ವಾ,” ಅಂದಳು ಅವಳ ಅಜ್ಜಿ. ಆಮೇಲೆ ಮೇಡಂ ಕಡೆ ತಿರುಗಿ, “ಹುಡುಗ ಮಾನ್ವಿಯೊಳಗ ಏನ್ ಮಾಡ್ತಾನ್ರಿ?”

ಗಂಡಿನ ಕಡೆಯ ಹೆಂಗಸರು ಮೊದಲು ಬಂದು ನೋಡಿ ಹೋಗುವುದು ನಮ್ಮ ಕಡೆಯ ಪದ್ಧತಿ. ಅವತ್ತು ಮಾನ್ವಿಯಿಂದ ಬರಬೇಕಿದ್ದವರು ನಾವೇ ಎಂದು ತಿಳಿದಿದ್ದರು. ಹುಡುಗಿಗೆ ಹದಿನಾರು.

“ನಾವು ಕಾಲೇಜಿನವರ್ರೀ,” ಅಂದರು ಮೇಡಂ.

ಅಜ್ಜಿ ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಎದ್ದು ಹೋಗಿ ಅನ್ನುವ ಮೊದಲೇ ನಾನು ಬಾಯಿ ಬಿಟ್ಟೆ.

“ಅಜ್ಜೀ, ಈ ಜಗತ್ತಿನಾಗ ಇಬ್ಬರು ಬೀಗ್ತೇರು ಅದಾರ. ಒಬ್ಬಾಕಿ ಗುರುತ್ವ. ಸೂರ್ಯ, ಚಂದ್ರ, ಗಿಡದಿಂದ ಬೀಳೋ ಮಾವಿನಕಾಯಿ, ಎಲ್ಲಾ ಆಕಿ ಹೇಳ್ದಂಗ. ಇನ್ನೊಬ್ಬಾಕಿ ಕ್ವಾಂಟಮ್. ಅಣುವಿನೊಳಗಿನ ಕಣ ಎಲ್ಲಾ ಈಕಿ ಹೇಳ್ದಂಗ. ಇಬ್ಬರ ಲೆಕ್ಕ ಕೂಡಂಗಿಲ್ಲ. ದೊಡ್ಡ ನಕ್ಷತ್ರ ಕುಸದು ಸಾಸಿವಿಗಿಂತ ಸಣ್ಣದಾತಂದ್ರ ಇಬ್ಬರೂ ಒಂದೇ ಮನಿಗೆ ಬರಬೇಕು. ಅಲ್ಲಿ ಲೆಕ್ಕಾನೇ ಹರದು ಹೋಗ್ತದ!”

ಹೊರಸಿನ ಹಗ್ಗ ಹಿಡಿದು ಮೀಟಿದೆ. “ಇಬ್ಬರನ್ನೂ ಕೂಡಸಾಕ ವಿಜ್ಞಾನಿಗಳು ಒಂದು ವಿಚಾರ ಹೇಳ್ತಾರ. ಎಲ್ಲಾದರೊಳಗೂ ಹಿಂಗ ಸಣ್ಣ ಸಣ್ಣ ತಂತಿ ಅದಾವಂತ. ಒಂದೊಂದು ನಡುಗು ಒಂದೊಂದು ಕಣ. ಅದರಾಗ ಒಂದು ನಡುಗು ಗುರುತ್ವದ್ದು. ಯಾರೂ ಕರೀದಿದ್ರೂ ಬಂದು ಪಂಕ್ತಿಯೊಳಗ ಕುಂತದ!”

“ನಡಗಾಕತ್ತಿದ್ದು ನನ್ನ ಹೊರಸು. ಬಿಡಬೇ,” ಅಂದಳು ಅಜ್ಜಿ.

ಹುಡುಗಿ ತಲೆ ಎತ್ತಿದಳು. “ಅಕ್ಕಾ, ಮಾವಿನಕಾಯಿನೂ ಅಣುವಿಂದನ ಆಗೇದಲ್ಲ? ಮತ್ತ ಬೀಳೋವಾಗ ಅದು ಯಾರ ಮಾತು ಕೇಳ್ತದ?”

ಮೇಡಂ ಚಹಾ ಕೆಳಗಿಟ್ಟರು. “ದೊಡ್ಡ ದೊಡ್ಡವರು ತಲಿ ಕೆಡಿಸ್ಕೊಂಡಿದ್ದು ಇದಕ್ಕನ ನೋಡವ್ವಾ.”

ಅಲ್ಲಿಯವರೆಗೆ ಗೋಡೆಗೆ ಒರಗಿದ್ದ ಹುಡುಗಿಯ ಅಪ್ಪ ಕೇಳಿದ: “ಆ ತಂತಿ ಯಾರರೆ ಕಂಡಾರೇನ್ರಿ?”

ರಾಯಚೂರಿನಲ್ಲಿ ನಾನೇ ಕಂಡಿದ್ದೇನೆ ಅನ್ನಲು ಉಸಿರು ಎಳೆದುಕೊಂಡೆ. ಮೇಡಂ ಮುಂದಾದರು.

“ಇಲ್ರೀ. ಕಾಣಸೋ ಯಂತ್ರಾನೂ ಇಲ್ಲ. ಪೂರಾ ತಪ್ಪಾದ್ರೂ ಆಗಬಹುದು.”

“ಹುಡುಗ ಕಣ್ಣಿಗೆ ಕಾಣ್ತಾನ್ರಿ,” ಅಂದ ಅಪ್ಪ.

ಹೊರಗೆ ಕಾರು ನಿಂತಿತು. ಮಾನ್ವಿಯವರು. ಅವರಿಗೆ ಉಪ್ಪಿಟ್ಟು ಸಾಲದೆ ಬಂತು. ಆ ಮದುವೆಗೆ ನಾನು ಒಡ್ಡಿದ ಅಡ್ಡಿ ಅಷ್ಟೇ.

ಮೇಡಂ ದಾರಿಯಲ್ಲೇ ಸ್ಕೂಟಿ ನಿಲ್ಲಿಸಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಅಧಿಕಾರಿಗಳ ಜೀಪು ಬಂತು. ಈಗಲೇ ಮದುವೆ ಮಾಡುವುದಿಲ್ಲ ಎಂದು ಅಪ್ಪ ಮಾತು ಕೊಟ್ಟ. ಮಳೆ ಶುರುವಾದ ಮೇಲೆ, ಮಲ್ಲಟದ ನೆಂಟರ ಮನೆಯಲ್ಲಿ, ಓಲಗವಿಲ್ಲದೆ ಮುಗಿಸಿಬಿಟ್ಟರು. ಫಸ್ಟ್ ಪಿಯು ವಿಜ್ಞಾನ ಶುರುವಾಗಲಿಲ್ಲ; ನಮ್ಮ ತರಗತಿ ಮುಗಿದರೆ ವಿಭಾಗವೂ ಮುಚ್ಚುತ್ತದೆ. ಮೇಡಂ ರಾಯಚೂರಿನ ಕೋಚಿಂಗ್ ಸೆಂಟರ್ ಸೇರಿದರು. ಅಲ್ಲಿ ತಂತಿಯ ಪ್ರಶ್ನೆ ಬರುವುದಿಲ್ಲವಂತೆ. ನಮಗೀಗ ಕೆಮಿಸ್ಟ್ರಿ ಸರ್ ಫಿಸಿಕ್ಸನ್ನೂ ಓದಿ ಹೇಳುತ್ತಾರೆ, ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲಿ.

ಮೊನ್ನೆ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಮೊಳಕೈವರೆಗೆ ಹಸಿರು ಬಳೆ, ಪಕ್ಕದಲ್ಲಿ ಅತ್ತೆ. ನಾನೊಂದು ತಮಾಷೆ ಹುಡುಕುತ್ತಿರುವಾಗಲೇ ಹತ್ತಿರ ಬಂದು ಕೇಳಿದಳು.

“ಅಕ್ಕಾ, ಮಾವಿನಕಾಯಿದು ಗೊತ್ತಾತೇನು?”

“ಇನ್ನಾ ಯಾರಿಗೂ ಪೂರಾ ಗೊತ್ತಾಗಿಲ್ಲ.”

ಬಸ್ಸು ಬಂತು. ಅತ್ತೆ ಅವಳ ತೋಳು ಹಿಡಿದು, “ಯಾರಕಿ?” ಅಂದಳು.

“ಅವತ್ತು ನಿಮ್ಮ ಪಾಲಿನ ಉಪ್ಪಿಟ್ಟು ತಿಂದಾಕಿ ರೀ,” ಅಂದು ಹತ್ತಿದಳು.