ಹದಿನೇಳನೆಯ ಫ್ರೇಮು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಕೂತವಳು ಯಾವ ಕಾಗದವನ್ನೂ ಎಸೆಯುವುದಿಲ್ಲ, ಯಾವ ಮಾತನ್ನೂ ಮರೆಯುವುದಿಲ್ಲ. ಫೋಟೋಗ್ರಾಫರುಗಳ ಸಂಘದಲ್ಲಿ ಎಲ್ಲರೂ ‘ಪಟ್ಟಿಯಕ್ಕ’ ಎಂದು ಕರೆಯುತ್ತಿದ್ದ ಹೆಂಗಸಿಗೆ ಈ ಎರಡು ಗುಣವೂ ಇದ್ದವು. ಮೊದಲನೆಯದು ಎಲ್ಲರಿಗೂ ಗೊತ್ತಿತ್ತು, ಅದನ್ನು ಚೆನ್ನಾಗಿಯೇ ದುಡಿಸಿಕೊಂಡರು. ಎರಡನೆಯದು ಗೊತ್ತಾಗುವ ಹೊತ್ತಿಗೆ ಅವರಲ್ಲೊಬ್ಬರ ಬಾಳು ಮೂರಾಬಟ್ಟೆಯಾಗಿತ್ತು.

ಆ ಸಂಘದವರ ಹುಚ್ಚೇನೆಂದು ಮೊದಲು ಹೇಳಿಬಿಡಬೇಕು. ದೇಶದೇಶಗಳಲ್ಲಿ ಛಾಯಾಚಿತ್ರ ಪ್ರದರ್ಶನಗಳು ನಡೆಯುತ್ತವೆ. ಕಳಿಸಿದ ಚಿತ್ರವನ್ನು ಅಲ್ಲಿನ ತೀರ್ಪುಗಾರರು ಒಪ್ಪಿದರೆ ಅದೊಂದು ‘ಸ್ವೀಕೃತಿ’. ಇಷ್ಟು ದೇಶಗಳಲ್ಲಿ, ಇಷ್ಟು ಚಿತ್ರಗಳಿಗೆ, ಇಷ್ಟು ಸ್ವೀಕೃತಿ ಕೂಡಿಬಂದರೆ ಹೆಸರಿನ ಬಾಲಕ್ಕೆ ಅಂಟಿಸಿಕೊಳ್ಳಲು ನಾಲ್ಕಕ್ಷರದ ಬಿರುದು. ಆದರೆ ಬಿರುದು ಕೊಡುವ ಮಂಡಳಿಗೆ ಬಾಯಿಮಾತು ಸಾಲದು. ಯಾವ ಚಿತ್ರ, ಯಾವ ಪ್ರದರ್ಶನ, ಯಾವ ವರ್ಷ, ಕ್ಯಾಟಲಾಗಿನ ಎಷ್ಟನೇ ಪುಟ ಎಂದು ಒಂದೊಂದನ್ನೂ ಬರೆದು ಕೊಡಬೇಕು. ಒಮ್ಮೆ ಇಟ್ಟ ಶೀರ್ಷಿಕೆಯನ್ನು ಸಾಯುವ ತನಕ ಬದಲಿಸುವಂತಿಲ್ಲ. ಒಂದೇ ಚಿತ್ರವನ್ನು ಬಣ್ಣದಲ್ಲೊಮ್ಮೆ, ಕಪ್ಪುಬಿಳುಪಿನಲ್ಲೊಮ್ಮೆ ಕಳಿಸಿ ಎರಡೆಂದು ಎಣಿಸುವಂತಿಲ್ಲ. ಒಂದು ಹಕ್ಕಿಗಾಗಿ ಆರು ಗಂಟೆ ಕೆಸರಿನಲ್ಲಿ ಮಲಗುವ ಗಂಡಸರಿಗೆ ಈ ಸಾಲುಗಳನ್ನು ನೆಟ್ಟಗೆ ಬರೆಯುವಷ್ಟು ತಾಳ್ಮೆ ಇರಲಿಲ್ಲ. ಅದಕ್ಕೇ ಪಟ್ಟಿಯಕ್ಕ ಬೇಕಾಗಿದ್ದಳು.

ಅವಳೇನು ಪಟ್ಟಿ ಬರೆಯಲೆಂದು ಸಂಘಕ್ಕೆ ಸೇರಿದವಳಲ್ಲ. ಹಳೆಯ ಕ್ಯಾಮೆರಾವೊಂದನ್ನು ಕೊಂಡು, ಕೊರಳಿಗೆ ನೇತುಹಾಕಿಕೊಂಡು, ಕಲಿಯಬೇಕೆಂದು ಬಂದವಳು. ಸಂಘದ ಅಧ್ಯಕ್ಷರು ಮುಖ್ಯರಸ್ತೆಯಲ್ಲಿ ಸ್ಟುಡಿಯೋ ಇಟ್ಟವರು. ಎಲ್ಲರೂ ಅವರನ್ನು ‘ಗುರುಗಳು’ ಎನ್ನುತ್ತಿದ್ದರು, ಅವರಿಗೂ ಹಾಗೆ ಅನ್ನಿಸಿಕೊಳ್ಳುವುದು ಇಷ್ಟವಿತ್ತು. ಅವಳ ಕೈಬರಹ ನೋಡಿದ ದಿನವೇ ಗುರುಗಳು ತೀರ್ಮಾನ ಕೊಟ್ಟುಬಿಟ್ಟರು.

“ನಿನಗ್ಯಾಕಮ್ಮ ಆ ಭಾರ? ಅಕ್ಷರ ಮುತ್ತಿನ ಹಾಗಿದೆ. ನೀನು ರಿಜಿಸ್ಟರ್ ನೋಡ್ಕೋ.”

ಆಗಿನ್ನೂ ರೀಲಿನ ಕಾಲ. ಪಟ್ಟಿಯಕ್ಕನ ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ನಾಲ್ಕು ಬೀದಿಯ ಬಟ್ಟೆ ಹೊಲಿಯುತ್ತಿದ್ದಳು. ಗುರುಗಳ ಸ್ಟುಡಿಯೋಗೆ ಗೋಡೆಯಗಲದ ಕಪ್ಪು ಪರದೆ ಹೊಲಿದುಕೊಟ್ಟವಳೂ ಅವಳೇ. ಅದನ್ನು ಒಯ್ಯಲು ಗುರುಗಳು ಬಂದ ದಿನ ಮಗಳು ಒಂದಿಡೀ ರೀಲು ಖಾಲಿ ಮಾಡಿದಳು. ಗುರುಗಳು ಪರದೆಯನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿದರು. ಅಮ್ಮ ಸೂಜಿಗೆ ದಾರ ಪೋಣಿಸಲು ಒಂದು ಕಣ್ಣು ಮುಚ್ಚಿ, ತುಟಿಯಲ್ಲಿ ದಾರ ಒದ್ದೆ ಮಾಡಿಕೊಂಡು, ಕಿಟಕಿಯ ಕಡೆ ಕತ್ತು ಚಾಚಿದಳು. ಬೆಳಕು ಅವಳ ಕಿವಿಯನ್ನು ಹಾದು ಕೆನ್ನೆಗೆ ಇಳಿದಿತ್ತು. ಬಟನ್ ಒತ್ತಿದಾಗಲೇ ಮಗಳಿಗೆ ಗೊತ್ತಾಯಿತು, ಇಂಥದ್ದು ತನ್ನ ಕೈಯಿಂದ ಮತ್ತೊಮ್ಮೆ ಬರುವುದಿಲ್ಲ ಎಂದು. ಅದು ಹದಿನೇಳನೆಯ ಫ್ರೇಮು.

“ಕೊಡಮ್ಮ, ನಾನೇ ತೊಳೆದು ಕೊಡ್ತೀನಿ,” ಎಂದು ಗುರುಗಳು ರೀಲು ಒಯ್ದರು. ವಾರದ ಮೇಲೆ ನೆಗೆಟಿವ್‌ಗಳು ವಾಪಸ್ಸಾದವು. ಆರಾರು ಫ್ರೇಮಿನ ಪಟ್ಟಿಗಳ ನಡುವೆ ಮೂರನೆಯದರಲ್ಲಿ ಮಾತ್ರ ಹದಿಮೂರರಿಂದ ಹದಿನಾರು ಒಂದು ತುಂಡು, ಹದಿನೆಂಟು ಒಂಟಿಯಾಗಿ ಇನ್ನೊಂದು ತುಂಡು.

“ಹದಿನೇಳನೇದು ಕ್ಲಿಪ್ಪಿಗೆ ಸಿಕ್ಕಿ ಹರಿದುಹೋಯ್ತು, ಎಸೆದುಬಿಟ್ಟೆ. ಆಮೇಲೆ ಹದಿನಾಲ್ಕನೇದರಲ್ಲಿ ನಾನಿದ್ದೀನಿ ನೋಡು, ಚೆನ್ನಾಗಿ ಬಂದಿಲ್ಲ. ಪ್ರಿಂಟ್ ಹಾಕಿಸಬೇಡ.”

ಅವಳು ನಂಬಿದಳು. ಗುರುಗಳಲ್ಲವೇ! ನಾಲ್ಕು ತಿಂಗಳಿಗೆ ಅಮ್ಮ ತೀರಿಕೊಂಡಳು. ಗೋಡೆಗೆ ಹಾಕಲು ಒಳ್ಳೆಯ ಚಿತ್ರ ಸಿಗದೆ, ಗುರುತಿನ ಚೀಟಿಯ ಬೆದರಿದ ಮುಖವನ್ನೇ ದೊಡ್ಡದು ಮಾಡಿಸಿ ನೇತುಹಾಕಿದರು.

ಮುಂದಿನ ವರ್ಷ ದೂರದ ದೇಶವೊಂದರಿಂದ ಕ್ಯಾಟಲಾಗು ಬಂತು. ಗುರುಗಳ ಸ್ವೀಕೃತಿ ಗುರುತು ಹಾಕಿಕೊಳ್ಳಲೆಂದು ಪಟ್ಟಿಯಕ್ಕ ಪುಟ ತಿರುಗಿಸಿದಳು. ನಲವತ್ತೊಂದನೆಯ ಪುಟದಲ್ಲಿ ಅಮ್ಮ ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೆಳಗೆ ಗುರುಗಳ ಹೆಸರು. ಶೀರ್ಷಿಕೆ: ‘ಅಪರಿಚಿತ ಮುದುಕಿ’.

ಕಳವನ್ನಾದರೂ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೋ ಏನೋ. ಆ ಶೀರ್ಷಿಕೆ ಇದೆಯಲ್ಲ, ಅದು ಎದೆಗೆ ಬೆಂಕಿ ಇಟ್ಟಿತು. ಅಮ್ಮನ ಕೈಯ ಚಹಾ ಕುಡಿದವನಿಗೆ, ಅವಳು ಹೊಲಿದ ಪರದೆಯ ಮುಂದೆ ದಿನಕ್ಕೆ ಹತ್ತು ಜನರನ್ನು ನಿಲ್ಲಿಸಿ ದುಡಿಯುವವನಿಗೆ ಅವಳು ಅಪರಿಚಿತಳೇ?

ಅಂದಿನ ಸಭೆಯಲ್ಲಿ ಕೇಳಿಯೇಬಿಟ್ಟಳು. “ಗುರುಗಳೇ, ಇದು ನಮ್ಮಮ್ಮ. ನಾನು ತೆಗೆದದ್ದು.”

ಗುರುಗಳು ಕನ್ನಡಕ ಏರಿಸಿ ಹತ್ತು ಜನರೆದುರು ನಕ್ಕರು. “ಇಂಥ ಮುದುಕಿಯರು ಊರ ತುಂಬ ಇದಾರಮ್ಮ. ಹೋದವರ ನೆನಪಲ್ಲಿ ಎಲ್ಲರೂ ಅವರ ಹಾಗೇ ಕಾಣ್ತಾರೆ. ಹೋಗು, ಪಟ್ಟಿ ಬರಿ.”

ಹತ್ತು ಜನವೂ ನಕ್ಕರು. ಯಾರ್‍ಯಾರು ನಕ್ಕರೆಂದು ಅವಳಿಗೆ ಇವತ್ತಿಗೂ ಸಾಲಾಗಿ ಹೇಳಲು ಬರುತ್ತದೆ.

ಮನೆಗೆ ಬಂದು ಆ ಎರಡು ತುಂಡು ನೆಗೆಟಿವನ್ನು ಬೆಳಕಿಗೆ ಹಿಡಿದಳು. ಕತ್ತರಿ ಅವಸರದಲ್ಲಿ ಓರೆಯಾಗಿ ಹೋಗಿತ್ತು. ಎರಡೂ ಕಡೆ ಅಂಚಿನ ತೂತಿನ ನಡುವೆಯೇ ಹಾದು, ಅರ್ಧರ್ಧ ತೂತು ಇವಳ ತುಂಡುಗಳಲ್ಲಿ ಉಳಿದಿತ್ತು. ಉಳಿದರ್ಧ ಕದ್ದವನ ಹತ್ತಿರ ಇರಲೇಬೇಕು. ಅಂದೇ ಅದನ್ನು ಸಂಘಕ್ಕೆ ತಂದು ತೋರಿಸಬಹುದಿತ್ತು. ತೋರಿಸಿದ್ದರೆ ಗುರುಗಳು “ಅಯ್ಯೋ, ಸ್ಟುಡಿಯೋದಲ್ಲಿ ಅದಲುಬದಲಾಯ್ತು” ಎಂದು ಹಲ್ಲುಗಿಂಜಿ, ಸಂಜೆಯೊಳಗೆ ಹದಿನೇಳನೆಯದನ್ನು ಸುಟ್ಟುಹಾಕುತ್ತಿದ್ದರು. ಕಳೆದುಕೊಳ್ಳಲು ಆಗ ಅವರಿಗೆ ಆ ಚಿತ್ರದ ಒಂದೇ ಒಂದು ಸ್ವೀಕೃತಿ ಇತ್ತು. ಪಟ್ಟಿಯಕ್ಕನಿಗೆ ಅದು ಸಾಲದು. ಅವಳಿಗೆ ಅಮ್ಮನ ಫ್ರೇಮು ವಾಪಸ್ ಬೇಕು, ಜೊತೆಗೆ ಆ ಮನುಷ್ಯನ ಸೊಂಟ ಮುರಿಯಬೇಕು.

ಮಾರನೆಯ ದಿನ ಹೋಗಿ, ಮುತ್ತಿನಂಥ ಅಕ್ಷರದಲ್ಲಿ ಬರೆದಳು: ಅಪರಿಚಿತ ಮುದುಕಿ, ಸ್ವೀಕೃತಿ ಒಂದು.

ಆಮೇಲೆ ಹನ್ನೊಂದು ವರ್ಷ ಆ ಚಿತ್ರವನ್ನು ಸಾಕಿದವಳು ಅವಳೇ. “ಗುರುಗಳೇ, ಈ ಪ್ರದರ್ಶನದಲ್ಲಿ ಮುಖಚಿತ್ರಕ್ಕೆ ಬೇರೆ ವಿಭಾಗ ಇದೆ, ಮುದುಕಿನ ಕಳಿಸಿ.” “ಗುರುಗಳೇ, ಆ ದೇಶ ಇನ್ನೂ ನಿಮ್ಮ ಪಟ್ಟಿಲಿಲ್ಲ.” ಗುರುಗಳು ಉಬ್ಬಿ ಉಬ್ಬಿ ಕಳಿಸಿದರು. ಇಪ್ಪತ್ತೊಂದು ದೇಶ, ಅರವತ್ತಮೂರು ಸ್ವೀಕೃತಿ, ಅದರ ಬಲದ ಮೇಲೆ ಎರಡು ಬಿರುದು. ಸ್ಟುಡಿಯೋ ಬೋರ್ಡಿನಲ್ಲಿ ಹೆಸರಿಗಿಂತ ಬಾಲ ಉದ್ದವಾಯಿತು.

ಮನೆಯಲ್ಲಿ ತಂಗಿ ಸಿಡಿಯುತ್ತಿದ್ದಳು. ಅಮ್ಮನ ಯಂತ್ರದ ಮೇಲೆ ಈಗ ಅವಳೇ ಹೊಲಿಯುತ್ತಿದ್ದಳು.

“ಅಮ್ಮನ್ನ ಅವನ ಹೆಸರಿಗೆ ನಿನ್ನ ಕೈಯಾರೆ ಬರೀತೀಯಲ್ಲ ಅಕ್ಕ, ನಾಚಿಕೆ ಆಗಲ್ವ ನಿನಗೆ?”

“ಆಗುತ್ತೆ,” ಅನ್ನುತ್ತಿದ್ದಳು ಪಟ್ಟಿಯಕ್ಕ. ನಿಜವಾಗಿಯೂ ಆಗುತ್ತಿತ್ತು. ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ವಯಸ್ಸನ್ನೂ ತಪ್ಪು ಬರೆದವಳಲ್ಲ, ಇಲ್ಲಿ ಅರವತ್ತಮೂರು ಸುಳ್ಳು ಸಾಲು ಬರೆದಿದ್ದಳು. ಒಂದೊಂದು ಸಾಲಿಗೂ ಹಲ್ಲು ಕಚ್ಚಿದ್ದಳು.

ಕೊನೆಗೆ ಗುರುಗಳ ಕಣ್ಣು ಎಲ್ಲಕ್ಕಿಂತ ದೊಡ್ಡ ಬಿರುದಿನ ಮೇಲೆ ಬಿತ್ತು. ಅದಕ್ಕೆ ಮುನ್ನೂರೈವತ್ತು ಸ್ವೀಕೃತಿ ಬೇಕು, ಅವರಲ್ಲಿ ಮುನ್ನೂರೆಪ್ಪತ್ತಿದ್ದವು. ಮುದುಕಿಯನ್ನು ಬಿಟ್ಟರೆ ತುಂಬುವಂತಿರಲಿಲ್ಲ. ಜೊತೆಗೊಂದು ನಿಯಮ: ಅತಿ ಹೆಚ್ಚು ಸ್ವೀಕೃತಿ ಬಂದ ಮೂರು ಚಿತ್ರಗಳ ಮೂಲವನ್ನು ಮಂಡಳಿಯ ಪರೀಕ್ಷಕರ ಎದುರು ಇಡಬೇಕು. ನಿಯಮಾವಳಿಯಲ್ಲಿ ಈ ಸಾಲನ್ನು ಪಟ್ಟಿಯಕ್ಕ ಹತ್ತು ವರ್ಷದ ಹಿಂದೆಯೇ ಓದಿಕೊಂಡಿದ್ದಳು.

“ಮುದುಕಿದು ನೆಗೆಟಿವ್ ಇದೆಯಲ್ಲ ಗುರುಗಳೇ?” ಅರ್ಜಿ ತುಂಬುತ್ತ, ತಲೆ ಎತ್ತದೆ ಕೇಳಿದಳು.

“ಇಲ್ದೇ ಏನು? ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದೀನಿ.”

ಹನ್ನೊಂದು ವರ್ಷದಲ್ಲಿ ಅವಳ ಅಕ್ಷರ ಸೊಟ್ಟಗಾದದ್ದು ಅದೊಂದೇ ಸಲ. ಗುರುಗಳಿಗೆ ಆ ಹಳೆಯ ಸಭೆಯ ನೆನಪೇ ಇರಲಿಲ್ಲ. ನೋಯಿಸಿದವರಿಗೆ ಎಲ್ಲಿ ನೆನಪಿರುತ್ತದೆ!

ಪರೀಕ್ಷಕಿ ಒಂದು ಶನಿವಾರ ಮಧ್ಯಾಹ್ನ ಬಂದರು. ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡ, ಹೆಚ್ಚು ಮಾತಾಡದ ಹೆಂಗಸು. ಸಂಘದ ಹಾಲ್‌ನಲ್ಲಿ ಮೂವತ್ತು ಜನ ಸೇರಿದ್ದರು, ಗುರುಗಳು ಕೋಟು ಹಾಕಿದ್ದರು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಗುರುಗಳು ತಮ್ಮ ಕೈಯಿಂದಲೇ ಅದನ್ನು ಇಟ್ಟರು. ಹೆಬ್ಬೆರಳಿನಷ್ಟು ತುಂಡು, ಅಂಚಿನಲ್ಲಿ ಸಣ್ಣಗೆ ಹದಿನೇಳು.

“ಒಂಟಿ ಫ್ರೇಮು ಯಾಕೆ ಕತ್ತರಿಸಿದ್ರಿ? ಸ್ಟುಡಿಯೋದವರು ಹೀಗೆ ಮಾಡಲ್ಲ,” ಎಂದರು ಪರೀಕ್ಷಕಿ.

“ಉಳಿದದ್ದೆಲ್ಲ ಹಾಳಾಗಿತ್ತು ಮೇಡಂ.”

“ಹಾಳಾಗಿಲ್ಲ,” ಎಂದಳು ಪಟ್ಟಿಯಕ್ಕ. ರಿಜಿಸ್ಟರಿನ ಹಿಂದಿನ ಲಕೋಟೆಯಿಂದ ಎರಡು ತುಂಡು ತೆಗೆದು ಹದಿನೇಳರ ಆಚೆಗೊಂದು ಈಚೆಗೊಂದು ಇಟ್ಟು, ಉಗುರಿನಿಂದ ಸರಿಸಿದಳು. ಓರೆ ಅಂಚುಗಳು ಕೂಡಿದವು. ಅರ್ಧರ್ಧ ತೂತುಗಳು ಇಡಿಯಾದವು. ಹದಿನಾರರಲ್ಲಿ ಅಮ್ಮ ದಾರ ಒದ್ದೆ ಮಾಡುತ್ತಿದ್ದಳು, ಹದಿನೆಂಟರಲ್ಲಿ ಮಗಳ ಕಡೆ ತಿರುಗಿ ನಗುತ್ತಿದ್ದಳು.

“ಅವತ್ತು ಕ್ಯಾಮೆರಾ ನನ್ನ ಕೈಲೇ ಇತ್ತು ಮೇಡಂ, ಇವಳು ಸುಮ್ನೆ...” ಗುರುಗಳು ತುಂಡುಗಳ ಕಡೆ ಕೈ ಚಾಚಿದರು.

“ಹದಿನಾಲ್ಕನೇದು ನೋಡಿ ಮೇಡಂ,” ಎಂದಳು.

ಪರೀಕ್ಷಕಿ ಭೂತಗನ್ನಡಿ ಹಿಡಿದು ಬಗ್ಗಿದರು. ಅದೇ ಕಿಟಕಿ, ಅದೇ ಯಂತ್ರ. ಪಕ್ಕದ ಕುರ್ಚಿಯಲ್ಲಿ ತೊಡೆಯ ಮೇಲೆ ಪರದೆ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದ ಮನುಷ್ಯ. ಪರೀಕ್ಷಕಿ ತಲೆ ಎತ್ತಿ ಎದುರಿಗಿದ್ದ ಗುರುಗಳನ್ನು ನೋಡಿದರು, ಮತ್ತೆ ಬಗ್ಗಿ ನೋಡಿದರು.

“ಇದು ನೀವೇ ಅಲ್ವ?”

ಹನ್ನೊಂದು ವರ್ಷದ ಹಿಂದೆ ನಕ್ಕವರಲ್ಲಿ ಏಳು ಜನ ಹಾಲ್‌ನಲ್ಲಿದ್ದರು. ಪಟ್ಟಿಯಕ್ಕ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿದಳು. ಯಾರೂ ನಗಲಿಲ್ಲ.

ಮಂಡಳಿಯ ಆದೇಶ ಬಂದ ದಿನ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಕೆಲಸ ಅವಳ ಪಾಲಿಗೇ ಬಂತು. ಅರವತ್ತಮೂರು ಗೆರೆ. ಸ್ಕೇಲ್ ಇಟ್ಟು, ಒಂದೊಂದಕ್ಕೂ ಉಸಿರು ಬಿಟ್ಟು, ಊಟ ಮಾಡಿದಷ್ಟು ಸಂತೋಷದಿಂದ ಎಳೆದಳು. ಆ ಚಿತ್ರ ಎಣಿಕೆಗೆ ಸೇರಿದ್ದರಿಂದ ಹಳೆಯ ಎರಡು ಬಿರುದೂ ಹೋದವು. ಜೀವಮಾನವಿಡೀ ಯಾವ ಪ್ರದರ್ಶನಕ್ಕೂ ಕಳಿಸುವಂತಿಲ್ಲ ಎಂದಾಯಿತು. ಸ್ಟುಡಿಯೋ ಬೋರ್ಡಿನ ಬಾಲವನ್ನು ಪೇಂಟರ್ ಕೆರೆಯುವಾಗ ಅವಳು ಎದುರಿನ ಫುಟ್‌ಪಾತಿನಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಮೂರು ಬಸ್ಸು ಬಿಟ್ಟಳು.

ಫ್ರೇಮು ಅವಳ ಕೈಸೇರಿತು. ಅದನ್ನು ಪ್ರದರ್ಶನಕ್ಕೆ ಕಳಿಸುವುದಾದರೆ ಹಳೆಯ ಶೀರ್ಷಿಕೆಯಲ್ಲೇ ಕಳಿಸಬೇಕು, ನಿಯಮ ಹಾಗಿದೆ ಎಂದು ಪರೀಕ್ಷಕಿ ಬೇಸರದಿಂದ ತಿಳಿಸಿದರು. ಅವಳು ಯಾವ ದೇಶಕ್ಕೂ ಕಳಿಸಲಿಲ್ಲ. ದೊಡ್ಡದು ಮಾಡಿಸಿ ಯಂತ್ರದ ಮೇಲಿನ ಗೋಡೆಗೆ ಹಾಕಿದಳು. ಗುರುತಿನ ಚೀಟಿಯ ಬೆದರಿದ ಮುಖ ಪೆಟ್ಟಿಗೆ ಸೇರಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಗುರುಗಳು ನಿಂತಿದ್ದರು. ಕೋಟಿಲ್ಲ, ಗಡ್ಡ ಬೋಳಿಸಿಲ್ಲ, ಹತ್ತು ವರ್ಷ ಒಟ್ಟಿಗೆ ಮೈಮೇಲೆ ಬಿದ್ದ ಹಾಗಿದ್ದರು.

“ಅಮ್ಮಾ, ಒಂದು ಕಾಗದ ಬರೆದುಕೊಡು. ಗೊತ್ತಿಲ್ದೆ ಅದಲುಬದಲಾಯ್ತು ಅಂತ. ನಿನ್ನ ಅಕ್ಷರ ಅಂದ್ರೆ ಅವರು ನಂಬ್ತಾರೆ. ನಮ್ಮದು ಎಷ್ಟು ವರ್ಷದ ಪರಿಚಯ, ಹೇಳು...”

ಅವರ ಕಣ್ಣು ಅವಳ ಹೆಗಲಾಚೆ ಗೋಡೆಯ ಮೇಲಿನ ಚಿತ್ರದ ಮೇಲೆ ಹೋಗಿ ನಿಂತಿತು. ಪಟ್ಟಿಯಕ್ಕ ಅವರು ನೋಡಿ ಮುಗಿಸುವ ತನಕ ಕಾದಳು. ಆಮೇಲೆ ಬಾಗಿಲು ಹಾಕಿ ಚಿಲಕ ಜಡಿದಳು.

ಯಂತ್ರದ ಸದ್ದು ನಿಂತಿತು. “ಯಾರಕ್ಕ ಅದು?” ತಂಗಿ ಕೇಳಿದಳು.

“ಯಾರೋ ಗೊತ್ತಿಲ್ಲ ಕಣೇ,” ಎಂದಳು ಹೊರಗೆ ಕೇಳುವಷ್ಟು ಗಟ್ಟಿಯಾಗಿ. “ಅಪರಿಚಿತ ಮುದುಕ.”