ಸುಮ್ನೆ ಕೂತಿದ್ದ ಡಿಸ್ಕು

ಮಧುಗಿರಿಯ ಒಂದು ಫೋಟೊ ಸ್ಟುಡಿಯೋಗೆ ನಾಲ್ಕು ಡಿಸ್ಕಿನ ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನೇ. ಒಂದು ಡಿಸ್ಕ್ ಕೆಟ್ಟರೂ ಉಳಿದ ಮೂರರಿಂದ ಫೋಟೊಗಳೆಲ್ಲ ಸಿಗುತ್ತವೆ ಎಂದು ಬಾಯಿ ತಪ್ಪಿ ಹೇಳಿದ್ದೆ. ಮೊನ್ನೆ ಯಾವ ಮದುವೆ ಫೋಟೊನೂ ತೆರೆಯುತ್ತಿಲ್ಲ ಎಂದು ಮಾಲೀಕ ಫೋನ್ ಮಾಡಿದ. ಹೋಗಿ ಬಿಚ್ಚಿದರೆ ಒಂದು ಡಿಸ್ಕ್ ಕೆಟ್ಟಿದೆ, ಇನ್ನೊಂದರ ಜಾಗವೇ ಖಾಲಿ!

"ಮೂರಿದ್ರೆ ಸಾಕು ಅಂತ ನೀವೇ ಹೇಳಿದ್ರಲ್ಲಾ ಸಾ. ಒಂದು ಸುಮ್ನೆ ಕೂತಿತ್ತು, ಮನೆ ಸಿಸಿ ಕ್ಯಾಮೆರಾಕ್ಕೆ ಹಾಕ್ಬುಟ್ಟೆ."

ಕ್ಯಾಮೆರಾ ಆ ಡಿಸ್ಕನ್ನು ಪೂರ್ತಿ ಅಳಿಸಿ, ಅವನ ಎಮ್ಮೆ ಮೆಲುಕು ಹಾಕುವುದನ್ನೇ ತುಂಬಿಕೊಂಡಿತ್ತು.

"ನಿಮ್ಮ ವ್ಯಾನಿನ ಸ್ಟೆಪ್ನಿನೂ ಸುಮ್ನೆ ಕೂತಿದೆ ಅಂತ ಬಿಚ್ಚಿ ಕೊಡ್ತೀರೇನ್ರೀ?" ಎಂದು ರೇಗಿದೆ. ಮಹಾನುಭಾವ ಮಾತು ತಿರುಗಿಸಿ ಟೀ ತರಿಸಿದ.

ಕೆಟ್ಟ ಡಿಸ್ಕಿನಿಂದ ಬಂದಷ್ಟನ್ನು ಹೊಸದಕ್ಕೆ ನಕಲು ಮಾಡಿ, ಅದನ್ನು ಚೆನ್ನಾಗಿದ್ದ ಇನ್ನೆರಡರ ಜೊತೆ ಬಲವಂತವಾಗಿ ಕೂಡಿಸಲು ಎರಡು ದಿನ ಹಿಡಿಯಿತು. ಒಬ್ಬರ ಧಾರೆಯ ಫೋಟೊ ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿತು.

ಬಸ್ಸು ತಪ್ಪಿದ್ದಕ್ಕೆ ಅವನೇ ವ್ಯಾನಿನಲ್ಲಿ ಕೊರಟಗೆರೆವರೆಗೆ ಬಿಡಲು ಬಂದ. ಅರ್ಧ ದಾರಿಯಲ್ಲಿ ಟೈರ್ ಪಂಚರ್ ಆಯಿತು.

"ಸ್ಟೆಪ್ನಿ ತೆಗೀರಿ" ಅಂದೆ.

ಅವನು ಕದಲಲಿಲ್ಲ. ನಾನು ರೇಗಿದಾಗ ಟೀ ಯಾಕೆ ತರಿಸಿದ್ದ ಅಂತ ಆಗ ಗೊತ್ತಾಯಿತು.