ಫೋನಿನಲ್ಲಿ ಕುರಿ ಕರೆದದ್ದು

ಕಾಶ್ಮೀರದ ಕವಿ ಅಜ್ಜ ಒಪ್ಪಿಬಿಟ್ಟರು ನೋಡ್ರಿ! ನನ್ನ ಮೊಮ್ಮಗಳು ನೇತ್ರಾ ಕನ್ನಡಕ್ಕೆ ತಂದ ಅವರ ಪದ್ಯಗಳು ಇನ್ನು ಪುಸ್ತಕ ಆಗ್ತವೆ. ನಿನ್ನೆಯಿಂದ ಜಡೆ ಊರಿಗೆ ಹೋಗೋ ಬಸ್ಸಿಗೆ ಕಾಯೋರಿಗೆಲ್ಲ ಹೇಳಿದೀನಿ. ಸಾಕಾಗಿಲ್ಲ, ಈಗ ನಿಮಗೂ ಹೇಳ್ತಿದೀನಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡೇ ಓದೋಳು. ನನಗೂ ಕವಿಗೂ ಏನು ನಂಟು ಅಂತೀರಾ?

ಆ ಅಜ್ಜ ಸಣ್ಣೋರಿದ್ದಾಗ ಅಪ್ಪನ ಜೊತೆ ಕುರಿ ಹೊಡ್ಕೊಂಡು ಹಿಮದ ಗುಡ್ಡ ಹತ್ತಿದವರು. ಆಮೇಲೆ ಮೇಷ್ಟ್ರಾದರು. ಗಲಾಟೆ ಕಾಲದಲ್ಲಿ ಊರು ಬಿಟ್ಟರು. ಈಗ ದೆಹಲಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ. ಪದ್ಯ ಮಾತ್ರ ಇವತ್ತಿಗೂ ಕಾಶ್ಮೀರಿಯಲ್ಲೇ. ಸ್ವಂತ ಮೊಮ್ಮಕ್ಕಳಿಗೇ ಆ ಮಾತು ಬರಲ್ಲವಂತೆ. ಅಲ್ಲಿ ಓದೋಕೆ ಹೋದ ನೇತ್ರಾ ಅವರ ಹತ್ತಿರ ಕೂತು ಕಲಿತಳು.

ತಾಳಗುಂದದ ಶಾಸನದ ಪಕ್ಕ ನಾವು ಎಷ್ಟೋ ಸಲ ಕುರಿ ಹೊಡ್ಕೊಂಡು ಹೋಗಿದೀವಿ. ಅಷ್ಟು ಚಂದ ಕೆತ್ತಿದವನ ಮಾತು ನಮಗೆ ಒಂದಕ್ಷರ ತಿಳೀಲಿಲ್ಲ. ಬದುಕಿದ್ದಾಗಲೇ ತನ್ನ ಮಾತು ಹಾಗೆ ಕಲ್ಲಾದರೆ ಆ ಜೀವಕ್ಕೆ ಹೇಗಿರಬೇಡ!

ಕವಿ ಅಜ್ಜನದು ಒಂದೇ ಷರತ್ತು: ಅಚ್ಚಿಗೆ ಕೊಡೋ ಮೊದಲು ನಿಮ್ಮ ಮನೆ ಹಿರಿಯರ ಬಾಯಲ್ಲಿ ಓದಿಸಿ ಕೇಳಿಸು, ನನ್ನ ಕಿವಿಗೆ ಒಪ್ಪದಿದ್ರೆ ಪುಸ್ತಕ ಬೇಡ. ಕನ್ನಡ ಬಾರದವರು ಅದೇನು ಕೇಳ್ತಾರೋ! ರಜಕ್ಕೆ ಊರಿಗೆ ಬಂದಿದ್ದ ನೇತ್ರಾ ನಿನ್ನೆ ಬೆಳಗ್ಗೆ ಅಜ್ಜನಿಗೆ ಫೋನು ಹಚ್ಚಿ ನನ್ನ ಮುಂದೆ ಹಿಡಿದು, "ಅಜ್ಜಿ, ಇದ್ದದ್ದು ಇದ್ದಂಗೆ ಓದು. ನಿನ್ನದೇನೂ ಸೇರಿಸ್ಬೇಡ ಮಾರಾಯ್ತಿ" ಅಂದಳು.

ಪದ್ಯದಲ್ಲಿ, ಹಿಮದಲ್ಲಿ ತಪ್ಪಿಹೋದ ಕುರೀನ ಕರೀತಾ ಅವರಪ್ಪ ಹೋಗ್ತಾನೆ. ಮತ್ತೆ ಬರಲ್ಲ. 'ಕರೆದ' ಅನ್ನೋ ಕಡೆ ಬಂದಾಗ ನನ್ನ ನಾಲಿಗೆ ನಿಲ್ಲಲಿಲ್ಲ ನೋಡಿ. ನಾವು ಕರೆಯೋ ಹಾಗೇ "ಟ್ರ್ರ್ರ್... ಹೋ!" ಅಂದುಬಿಟ್ಟೆ. ದೊಡ್ಡಿಯೊಳಗಿನ ಕುರಿಗಳೆಲ್ಲ ಬ್ಯಾ ಅಂದವು. ನೇತ್ರಾ ಹಣೆ ಚಚ್ಚಿಕೊಂಡಳು. "ಎಲ್ಲ ಹಾಳು ಮಾಡಿದೆಯಲ್ಲ ಅಜ್ಜಿ!"

ಆಗ ಫೋನಿನ ಆ ಕಡೆಯಿಂದ ಅಜ್ಜನ ಕೂಗು ಬಂತು. ನಮ್ಮ ಕೂಗಲ್ಲ, ಆದ್ರೂ ಕುರಿ ಕರೆಯೋದೇ. ಆಮೇಲೆ ಹಿಂದಿಯಲ್ಲಿ ಏನೋ ಅಂದರು. ನೇತ್ರಾ ಅಳ್ತಾ ಹೇಳಿದಳು: "ಅವರಪ್ಪ ಹೋದ ಮೇಲೆ ಆ ಕೂಗು ಅವರ ಬಾಯಿಗೆ ಬಂದೇ ಇರಲಿಲ್ಲವಂತೆ. ಅಚ್ಚಿಗೆ ಕೊಡು ಅಂದ್ರು ಅಜ್ಜಿ."

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ರೊಟ್ಟಿ ಮುರಿಯೋಕೆ ಹೋದ ಮಗ ಕೈ ತಡೆದು, "ಆ ಅಜ್ಜ ಉಂಡರೋ ಇಲ್ವೋ" ಅಂದ. ನೇತ್ರಾ ಫೋನು ಮಾಡಿದಳು. ಈಗಷ್ಟೇ ಅನ್ನಕ್ಕಿಟ್ಟಿದೀನಿ ಅಂದರಂತೆ. ಅವರನ್ನ ಬಿಟ್ಟು ಉಣ್ಣೋಕೆ ಯಾರಿಗೂ ಮನಸ್ಸಾಗಲಿಲ್ಲ, ಫೋನು ಇಡದೇ ಕಾದೆವು. ಸಾರು ಆರಿತು. "ದೆಹಲಿ ಅಕ್ಕಿ ಬೇಯೋಕೆ ಇಷ್ಟು ಹೊತ್ತೇನವ್ವಾ?" ಅಂತ ಮಗ ಗೊಣಗಿದ. ಕಡೆಗೂ ಫೋನಿನಲ್ಲಿ ತಟ್ಟೆಯ ಸದ್ದು ಕೇಳಿಸಿತು. ಆಗ ನಾವೆಲ್ಲ ತುತ್ತಿಗೆ ಕೈ ಹಾಕಿದೆವು.